ಎಡಮೂಲೆಯ ಜಾಗ

ಬಾಸ್ಕೆಟ್‌ಬಾಲ್ ಅಂಕಣದ ಮೇಲೆ ಐದು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಎಲ್ಲವೂ ಬಲಕ್ಕೆ ಒತ್ತಿಕೊಂಡು ನಿಂತಿದ್ದವು. ಎಡಮೂಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಮೇಲಿನ ಕಿಟಕಿಯಿಂದ ಇಳಿದ ಬಿಸಿಲು ಅಲ್ಲಿ ಚೌಕವಾಗಿ ಬಿದ್ದಿತ್ತು.

ಕುರ್ಚಿ ಹಾಕುವುದು ನಮ್ಮ ಕೋಚ್ ಮಾಚಯ್ಯನವರ ಪದ್ಧತಿ. ನಾಕೌಟ್ ಪಂದ್ಯದ ಬೆಳಿಗ್ಗೆ, ಎದುರಾಳಿ ದೇಶದ ಆಟಗಾರ್ತಿಯರು ನಿಲ್ಲುವ ಕಡೆಯಲ್ಲೆಲ್ಲ ಒಂದೊಂದು ಕುರ್ಚಿ ಇಟ್ಟು ನಮ್ಮನ್ನು ಅವುಗಳ ಸುತ್ತ ನಡೆಸುತ್ತಿದ್ದರು. ನಾನು ರಾಷ್ಟ್ರೀಯ ತಂಡದ ಬೆಂಚಿನವಳು. ಆಡಿದ್ದಕ್ಕಿಂತ ಕುಳಿತು ಕೇಳಿದ್ದೇ ಹೆಚ್ಚು.

"ಆ ಮೂಲೆಗೆ ಅವರು ಯಾರೂ ಹೋಗಲ್ಲ," ಎಂದರು ಕೋಚ್. "ಹೋದ ವರ್ಷದ ಟೇಪಲ್ಲಿ ಅಲ್ಲೊಬ್ಳು ಉದ್ದ ಜಡೆಯವಳು ಇದ್ಲಲ್ಲ, ಅಲ್ಲಿಂದಲೇ ಎಸೀತಿದ್ಲು. ತೀರ್ಕೊಂಡ್ಲಂತೆ, ಪಾಪ. ಆ ಜಾಗಕ್ಕೆ ಅವರಿಗೆ ಇನ್ನೊಬ್ಳು ಸಿಕ್ಕಿಲ್ಲ. ಹಾಗಾಗಿ ಇಂದುಮತಿ, ಆ ಮೂಲೆ ಕಾಯೋ ಕೆಲಸ ನಿನಗಿಲ್ಲ. ಈ ಕಡೆ ಬಂದು ಅವರ ಆ ಎತ್ತರದವಳನ್ನ ಇನ್ನೊಬ್ಳ ಜೊತೆ ಸೇರಿ ಕಟ್ಟಿಹಾಕು. ಮುಗೀತು."

ಲೆಕ್ಕ ಸರಿಯಾಗಿಯೇ ಇತ್ತು. ನಾಯಕಿ ಇಂದುಮತಿಯಕ್ಕನ ಮುಖ ಅರಳಿತು. ಅವಳ ಮಂಡಿ ಸವೆದುಹೋಗಿತ್ತು. ಈ ಪಂದ್ಯಾವಳಿಯ ಆಚೆಗೆ ಆಟವಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು. ಸೋತರೆ ಅಂದೇ ಕೊನೆ.

"ಇನ್ನೊಂದು ಮ್ಯಾಚ್ ಬೇಕು ಕಣೆ ನಂಗೆ," ಎಂದು ನನಗೆ ಹೇಳಿದ್ದಳು. "ಕಪ್ಪು ಗಿಪ್ಪು ನೀವೇ ಇಟ್ಕೊಳ್ಳಿ."

ನನಗೆ ಆ ಮೂಲೆಯಿಂದ ಕಣ್ಣು ಕೀಳಲಾಗಲಿಲ್ಲ. ನಮ್ಮ ಮನೆಯಲ್ಲಿ ಅಜ್ಜ ಸಂಜೆ ದೀಪ ಹಚ್ಚಿದ ಮೇಲೆ ಕಾವ್ಯ ವಾಚಿಸುತ್ತಿದ್ದರು, ಪಕ್ಕದ ಮಣೆಯಲ್ಲಿ ಕುಳಿತು ಚಿಕ್ಕಜ್ಜ ಅರ್ಥ ಹೇಳುತ್ತಿದ್ದರು. ಚಿಕ್ಕಜ್ಜ ತೀರಿಹೋದ ಮೇಲೂ ಆ ಮಣೆ ಎತ್ತಿರಲಿಲ್ಲ. ಅಜ್ಜ ಪದ್ಯ ಮುಗಿಸಿ, ಅರ್ಥ ಹೇಳಲು ಹಿಡಿಯುವಷ್ಟು ಹೊತ್ತು ಸುಮ್ಮನಿದ್ದು, ಕೊನೆಗೊಮ್ಮೆ ತಲೆದೂಗಿ ಮುಂದಿನದಕ್ಕೆ ಹೋಗುತ್ತಿದ್ದರು. ನಾವು ಆ ಮೌನವನ್ನೂ ಕೈಮುಗಿದು ಕೇಳುತ್ತಿದ್ದೆವು.

ಎದುರಾಳಿಗಳ ಈ ವರ್ಷದ ಟೇಪಿನಲ್ಲಿ ನಾನು ಕಂಡದ್ದು ಅದೇ. ಚೆಂಡು ಕೈಯಿಂದ ಕೈಗೆ ಸುತ್ತಿ ಬರುವಾಗ ಎಡಮೂಲೆಯ ಸರದಿಗೆ ಒಂದು ತಡೆ ಬರುತ್ತಿತ್ತು. ಚೆಂಡು ಅಲ್ಲಿಗೆ ಹೋಗಿ ಮರಳಲು ಎಷ್ಟು ಹೊತ್ತು ಬೇಕೋ ಅಷ್ಟೇ. ಆಮೇಲೆ ಆಟ ಮುಂದುವರಿಯುತ್ತಿತ್ತು.

ಬೂಟಿನ ದಾರ ಕಟ್ಟುತ್ತಿದ್ದ ಅಕ್ಕನ ಬಳಿ ಹೋಗಿ ಹೇಳಿದೆ. "ಅಕ್ಕಾ, ಅದು ಖಾಲಿ ಜಾಗ ಅಲ್ಲ. ಬಿಟ್ಟಿಟ್ಟಿರೋ ಜಾಗ. ಅದಕ್ಕೆ ಪೂರ್ತಿ ಬೆನ್ನು ಹಾಕ್ಬೇಡಿ."

ಅವಳು ತಲೆಯೆತ್ತಿ ನಕ್ಕಳು. "ಬಂದ್ಲಪ್ಪ ಪುರಾಣದಮ್ಮ. ಇರೋ ಐದು ಜನಕ್ಕೇ ನನ್ನ ಮಂಡಿ ಸಾಲ್ತಾ ಇಲ್ಲ. ಇಲ್ಲದವಳನ್ನ ನೀನೇ ಕಾಯಿ, ಹೋಗು."

ಮಧ್ಯಾಹ್ನದ ಪಂದ್ಯ ಕೋಚ್ ಹೇಳಿದಂತೆಯೇ ನಡೆಯಿತು. ಎತ್ತರದವಳು ಇಬ್ಬರ ನಡುವೆ ಸಿಕ್ಕಿಕೊಂಡು ಒದ್ದಾಡಿದಳು. ಎಡಮೂಲೆಗೆ ಯಾರೂ ಹೋಗಲಿಲ್ಲ. ಆದರೆ ಬೆಂಚಿನ ತುದಿಯಲ್ಲಿ, ಆ ಮೂಲೆಗೆ ಹತ್ತಿರವಾಗಿ ಕುಳಿತ ನನಗೆ ಮರದ ನೆಲದ ಮೇಲೆ ಬೂಟು ಉಜ್ಜುವ ಸದ್ದು ಆಗಾಗ ಅಲ್ಲಿಂದಲೇ ಬಂದಂತಾಗುತ್ತಿತ್ತು. ತಿರುಗಿದರೆ ಬರೀ ಬಿಸಿಲು. ದೇವರ ಹೆಸರು ಹೇಳಿಕೊಳ್ಳುತ್ತ ಕುಳಿತೆ.

ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಮುಂದಿದ್ದೆವು. ಚೆಂಡು ಅವರ ಕೈಯಲ್ಲಿತ್ತು. ಅಕ್ಕ ಎತ್ತರದವಳಿಗೆ ಅಂಟಿಕೊಂಡಿದ್ದಳು. ಆಗ ಆ ಸದ್ದು ಮತ್ತೆ ಕೇಳಿಸಿತು, ಈ ಸಲ ಓಡಿಬಂದು ಗಕ್ಕನೆ ನಿಂತವರ ಬೂಟಿನದು.

ಅಕ್ಕ ತಿರುಗಿದಳು. ಎತ್ತರದವಳನ್ನು ಬಿಟ್ಟು, ಆ ಮಂಡಿಯಲ್ಲೇ ಎಡಮೂಲೆಗೆ ಧಾವಿಸಿ, ಎಸೆತ ತಡೆಯುವವಳಂತೆ ಎರಡೂ ಕೈ ಎತ್ತಿ ಹಾರಿದಳು. ಅವಳ ಮುಂದೆ ಯಾರೂ ಇರಲಿಲ್ಲ. ಅವಳ ಬೆನ್ನ ಹಿಂದೆ, ತೆರವಾದ ದಾರಿಯಲ್ಲಿ, ಎತ್ತರದವಳು ಚೆಂಡನ್ನು ಬುಟ್ಟಿಗೆ ಹಾಕಿದಳು. ಸೀಟಿ ಮೊಳಗಿತು. ಒಂದು ಅಂಕದಿಂದ ಸೋತೆವು.

ಮಾಚಯ್ಯನವರು ಗದರಲಿಲ್ಲ. "ಚೆಂಡು ಇದ್ದವಳು ಆ ಕಡೆ ನೋಡ್ಲೂ ಇಲ್ಲ," ಎಂದರು. "ನೀನು ಯಾಕಮ್ಮ ಹೋದೆ?"

"ಜಡೆ ಬೀಸ್ತು ಸಾರ್," ಎಂದಳು ಅಕ್ಕ. "ಎಸೆಯೋಕೆ ಮುಂಚೆ ಅವಳು ಜಡೆ ಹಿಂದಕ್ಕೆ ಹಾಕ್ಕೋತಾಳಲ್ಲ, ಹಾಗೆ."

ಕೋಚ್ ನನ್ನ ಮುಖ ನೋಡಿದರು. ಬೂಟಿನ ಸದ್ದು ನನಗೂ ಕೇಳಿಸಿತ್ತೆಂದು ಹೇಳಲು ಹೊರಟವಳು ಅಕ್ಕನ ಕೈಗೆ ನೀರಿನ ಬಾಟಲಿ ಕೊಟ್ಟೆ.

ಕೈಕುಲುಕಲು ಎದುರಾಳಿಗಳು ಸಾಲಾಗಿ ನಿಂತರು. ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ನಾವೆಲ್ಲ ಅದನ್ನು ದಾಟಿ ಮುಂದಿನವರ ಕೈ ಹಿಡಿದೆವು. ಕುಂಟುತ್ತ ಕೊನೆಗೆ ಬಂದ ಅಕ್ಕ ಮಾತ್ರ ಅಲ್ಲಿ ನಿಂತಳು. ನಿಂತು, ಕೈ ಚಾಚಿದಳು. ಆ ಜಾಗದ ಎರಡೂ ಪಕ್ಕ ನಿಂತವರು ತಲೆ ತಗ್ಗಿಸಿದರು.

ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಮೆಲ್ಲಗೆ ಮಡಚಿಕೊಂಡು, ಕೈಯೊಂದನ್ನು ಹಿಡಿದಂತೆ ಅರ್ಧಕ್ಕೇ ನಿಂತವು, ಪೂರ್ತಿ ಮುಚ್ಚಿಕೊಳ್ಳಲಿಲ್ಲ.