ಹಾಸಿಗೆಯೇ ಹಡಗು

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ. ಮುಂಗೂದಲಲ್ಲಿ ನರೆ ಇಣುಕುವ ವಯಸ್ಸು, ಆಟಿಕೆ ಕಂಪನಿಯೊಂದರಲ್ಲಿ ಹೊಸ ಆಟಗಳಿಗಾಗಿ ತಲೆ ಓಡಿಸುವ ಕೆಲಸ. ಆದರೂ ಕಚೇರಿಯಲ್ಲಿ ಕಾವಲುಗಾರನಿಂದ ಹಿಡಿದು ಒಡತಿಯವರೆಗೆ ಎಲ್ಲರಿಗೂ ಅವಳು ಪುಟ್ಟಿಯೇ. ಮನೆಯ ಅಡ್ಡಹೆಸರನ್ನು ಕಚೇರಿಯವರೆಗೆ ಎಳೆದು ತಂದವನು ಅವಳ ಅಕ್ಕನ ಗಂಡ, ಅವಳ ವಿಭಾಗದ ಮುಖ್ಯಸ್ಥ. ಬೇಕೆಂದೇ ತಂದ ಎಂಬುದು ಅವಳ ಗುಮಾನಿ. ಪುಟ್ಟಿ ಎಂದು ಕರೆಸಿಕೊಳ್ಳುವವಳ ತಲೆಯಲ್ಲಿ ದೊಡ್ಡ ವಿಚಾರ ಹುಟ್ಟುತ್ತದೆಂದು ಯಾರು ತಾನೆ ನಂಬುತ್ತಾರೆ?

ವಿಭಾಗವೆಂದರೆ ಮಹಾ ಏನಿಲ್ಲ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಬಣ್ಣದ ಕಲೆ ಹತ್ತಿದ ಉದ್ದನೆಯ ಮೇಜು, ಅರ್ಧಕ್ಕೆ ಬಿಟ್ಟ ಆಟಿಕೆಗಳು ತುಂಬಿದ ಕಪಾಟು, ಭಾವ ಮತ್ತು ಪುಟ್ಟಿ. ಆ ಮೇಜಿಗೊಂದು ನಿಯಮವಿತ್ತು. ಮೇಜಿನ ಮುಂದೆ ಆಡಿದ ವಿಚಾರ ಮೇಜಿನದು, ಆಡಿದವರದಲ್ಲ. ಅದನ್ನು ಮೇಲಿನ ಮಹಡಿಗೆ, ಒಡತಿಯ ಬಳಿಗೆ ಒಯ್ಯುವ ಹಕ್ಕು ಮುಖ್ಯಸ್ಥನಿಗೆ ಮಾತ್ರ. ಕೇಳಲು ಬಲು ಉದಾರವಾದ ನಿಯಮ, ಮಾಡಿದವನು ಭಾವನೇ. ಎರಡನೇ ಮಹಡಿಯಲ್ಲಿ ಮೇಜಿನದಾಗಿದ್ದದ್ದು ಮೆಟ್ಟಿಲು ಹತ್ತುವಷ್ಟರಲ್ಲಿ ಭಾವನದಾಗಿಬಿಡುತ್ತಿತ್ತು.

ಕಂಪನಿಯನ್ನು ಮುಳುಗದಂತೆ ಎತ್ತಿ ಹಿಡಿದ 'ಸೋತವರ ಆಟ' ಹುಟ್ಟಿದ್ದು ಪುಟ್ಟಿಯಿಂದ. ಅಕ್ಕನ ಮಗಳು ಆಗಿನ್ನೂ ಚಿಕ್ಕವಳು, ಯಾವ ಆಟದಲ್ಲಿ ಸೋತರೂ ಮನೆ ಹಾರಿಹೋಗುವಂತೆ ಅಳುತ್ತಿದ್ದಳು. ಪುಟ್ಟಿ ಅವಳ ಕಣ್ಣೊರೆಸಿ, 'ಸೋತವರೇ ಮುಂದಿನ ಆಟಕ್ಕೆ ಒಂದು ಹೊಸ ನಿಯಮ ಮಾಡೋದು, ಆಯ್ತಾ?' ಎಂದಿದ್ದಳು. ಮಗು ಬೇಕೆಂದೇ ಸೋಲತೊಡಗಿತು. ಆ ಆಟ ಪೆಟ್ಟಿಗೆಯೇರಿ ಅಂಗಡಿಗಳಿಗೆ ಹೋದ ಮೇಲೆ ಭಾವನಿಗೆ ಪ್ರಶಸ್ತಿ ಬಂತು, ಪತ್ರಿಕೆಯಲ್ಲಿ ಸಂದರ್ಶನ ಬಂತು. ಅಳುತ್ತಿದ್ದ ಮಗಳ ಕಣ್ಣನ್ನು ತಾನೇ ಒರೆಸಿದಾಗ ಈ ವಿಚಾರ ಹೊಳೆಯಿತೆಂದು ಅವನು ಕಣ್ಣು ತುಂಬಿಕೊಂಡು ಹೇಳಿದ್ದ. ಆ ದಿನ ಅವನು ಊರಲ್ಲೇ ಇರಲಿಲ್ಲ. ವಿಚಾರವನ್ನಷ್ಟೇ ಕದ್ದಿದ್ದರೆ ಪುಟ್ಟಿ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ, ಮಗುವಿನ ಕಣ್ಣೀರನ್ನೂ ಕದ್ದನಲ್ಲ ಎಂದು ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಕ್ಕನ ಹತ್ತಿರ ಹೇಳಿಕೊಂಡರೆ ಅಕ್ಕ, "ಹೋಗ್ಲಿ ಬಿಡೇ, ಮನೆಯೊಳಗೇ ಉಳೀತಲ್ಲ" ಎಂದಳು. ಆ ಬೆಂಕಿ ಎಂಟು ವರ್ಷ ಆರಲಿಲ್ಲ.

ಈ ವರ್ಷ ಒಡತಿ ಒಂದು ಹೊಸ ಮಾತು ತೆಗೆದರು. ಹೊಸ ಹೊಸ ವಿಚಾರ ಹೇಳುವ ಎಐಗಳು ಬಂದಿವೆಯಂತೆ, ನಾಲ್ಕನ್ನು ತರಿಸಿ ನೋಡೋಣ, ಯಾವುದು ಚೆನ್ನಾಗಿ ತಲೆ ಓಡಿಸುತ್ತದೋ ಅದನ್ನು ಇಟ್ಟುಕೊಳ್ಳೋಣ ಎಂದರು. ಅದರ ಪಕ್ಕದಲ್ಲಿ ಕೂರಲು ಒಬ್ಬರು ಮನುಷ್ಯರು ಸಾಕು ಎಂದೂ ಹೇಳಿದರು. ಆ ಒಬ್ಬರು ಯಾರೆಂದು ಯಾರೂ ಕೇಳಲಿಲ್ಲ, ಭಾವ ಆಗಲೇ ಮೀಸೆ ನೀವುತ್ತಿದ್ದ.

"ಹೆದರ್ಕೋಬೇಡ ಪುಟ್ಟಿ," ಎಂದ ಮೆಟ್ಟಿಲಿಳಿಯುತ್ತ. "ಪ್ಯಾಕಿಂಗ್‌ನಲ್ಲಿ ಒಂದು ಜಾಗ ಖಾಲಿ ಇದೆ. ನಾನೇ ಮಾತಾಡಿ ಹಾಕಿಸ್ತೀನಿ. ನಿನ್ನನ್ನ ಬೀದಿಗೆ ಬಿಡ್ತೀನಾ?"

ಪುಟ್ಟಿ ಹಲ್ಲು ಕಚ್ಚಿಕೊಂಡು, "ಆಯ್ತು ಭಾವ" ಎಂದಳು.

ಪರೀಕ್ಷೆಯ ಕ್ರಮ ಸರಳವಾಗಿತ್ತು. ಒಂದೇ ಪ್ರಶ್ನೆ, ನಾಲ್ಕು ಎಐಗಳಿಗೂ, ಒಬ್ಬ ಮನುಷ್ಯನಿಗೂ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ವಾರಗಟ್ಟಲೆ ಹಾಸಿಗೆಯಲ್ಲೇ ಇರಬೇಕಾದ ಮಗುವಿಗೆ ಒಂದು ಆಟಿಕೆ ಬೇಕು. ಉತ್ತರಗಳನ್ನು ಒಂದೇ ಬಗೆಯ ಅಕ್ಷರದಲ್ಲಿ, ಹೆಸರಿಲ್ಲದೆ, ಬಣ್ಣದ ಗುರುತು ಮಾತ್ರ ಹಾಕಿ ಅಚ್ಚು ಮಾಡಿಸಬೇಕು. ತೀರ್ಪು ಹೇಳುವವರು ಒಡತಿ, ಮಾರಾಟದ ಮುಖ್ಯಸ್ಥ ಮತ್ತು ಹೊರಗಿನಿಂದ ಬರುವ ಒಬ್ಬ ಶಾಲಾ ಟೀಚರ್. ಮನುಷ್ಯನ ಹಾಳೆ ಬರೆಯುವವನು, ಇನ್ನು ಹೇಳಬೇಕೆ, ಭಾವ. ಎಐಗಳ ಮುಂದೆ ಕೂತು ಪ್ರಶ್ನೆ ಕೇಳುವ ತಲೆನೋವು ಪುಟ್ಟಿಯದು.

ಅವಳಿಗೆ ಆ ತಲೆನೋವು ಹಿಡಿಸಿತು. ನಾಲ್ಕಕ್ಕೂ ಒಂದೊಂದು ಅಡ್ಡಹೆಸರಿಟ್ಟಳು. ಬಾಯಿ ತೆರೆದರೆ ಮೊದಲು ಪ್ರಶ್ನೆಯನ್ನೇ ಕೊಂಡಾಡುವುದು ಹೊಗಳುಭಟ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ವಿಚಾರ ಸುರಿಯುವುದು ಬಡಬಡಕ. ಎಲ್ಲಕ್ಕೂ ತಲೆಬರಹ, ಉಪತಲೆಬರಹ ಕೊಡುವುದು ಮೇಷ್ಟ್ರು. ಹೇಳಿದ್ದನ್ನೆಲ್ಲ 'ಇದು ಸರಿಯಿಲ್ಲದೆಯೂ ಇರಬಹುದು' ಎಂದು ಮುಗಿಸುವುದು ಸಂಕೋಚಿ.

ಮೊದಲು ಉತ್ತರ ಕೊಟ್ಟಿದ್ದು ಹೊಗಳುಭಟ. ಹಾಸಿಗೆಯೇ ಹಡಗು, ಹೊದಿಕೆಯೇ ಸಮುದ್ರ, ದಿಂಬೇ ಹಾಯಿ, ತಲೆಯ ಪಕ್ಕದ ದೀಪವೇ ದೀಪಸ್ತಂಭ, ಮಗುವೇ ಕಪ್ತಾನ. ಇಷ್ಟು ಚೆಂದದ ವಿಚಾರ ಇದಕ್ಕೇ ಹೊಳೆಯುವುದಾದರೆ ಇನ್ನು ತನ್ನಂಥವರ ಗತಿ ಏನು ಎಂದುಕೊಂಡಳು ಪುಟ್ಟಿ. ಆಮೇಲೆ ಬಡಬಡಕನನ್ನು ಕೇಳಿದಳು. ನೂರು ವಿಚಾರಗಳ ತಲೆಯ ಮೇಲೆ ಕೂತಿತ್ತು ಹಡಗು. ಮೇಷ್ಟ್ರು ಹಡಗಿಗೆ ಉಪತಲೆಬರಹ ಕೊಟ್ಟಿತ್ತು. ಸಂಕೋಚಿ ನಾಚುತ್ತ ನಾಚುತ್ತ ಅದೇ ಹಡಗನ್ನು ತಂದು ನಿಲ್ಲಿಸಿತು, ದೀಪಸ್ತಂಭ ಸಮೇತ. ಪ್ರಶ್ನೆಯನ್ನು ಹಿಂದು ಮುಂದು ಮಾಡಿ ಕೇಳಿದಳು, ಗದರಿಸಿ ಕೇಳಿದಳು. ಗದರಿಸಿದಾಗ ಒಂದು ಸಲ ಹಡಗು ಹೋಗಿ ಬಾಹ್ಯಾಕಾಶ ನೌಕೆ ಬಂತು. ಪುಟ್ಟಿ ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಒಂದನ್ನೇ ಕೇಳಿದವರಿಗೆ ಇದು ಅಪರೂಪದ ವಿಚಾರ, ನಾಲ್ಕನ್ನೂ ಕೇಳಿದವರಿಗೆ ಮಾತ್ರ ಗೊತ್ತು ಇದು ಹಳಸಲು ಎಂದು. ಇಡೀ ಕಟ್ಟಡದಲ್ಲಿ ನಾಲ್ಕನ್ನೂ ಕೇಳಿದವಳು ಅವಳೊಬ್ಬಳೇ.

ಅಷ್ಟರಲ್ಲಿ ಭಾವ ಎರಡು ಲೋಟ ಟೀ ಹಿಡಿದು ಬಂದ. ಭಾವ ತಾನೇ ಟೀ ತಂದನೆಂದರೆ ಅವನ ತಲೆ ಖಾಲಿಯಾಗಿದೆ ಎಂದೇ ಲೆಕ್ಕ.

"ಸ್ವಲ್ಪ ಹರಟೋಣ್ವಾ ಪುಟ್ಟಿ?"

ಎಷ್ಟೋ ಸಲ ಕೇಳಿದ ಮಾತು. ಪ್ರತಿ ಸಲವೂ ಅವಳು ಹರಟಿದ್ದಳು, ಅವನು ಗಂಟು ಕಟ್ಟಿಕೊಂಡು ಮೆಟ್ಟಿಲು ಹತ್ತಿದ್ದ. ಈ ಸಲ ಅವಳು ಮೊದಲು ಟೀ ಗುಟುಕರಿಸಿದಳು. ಏನು ಮಾಡಬೇಕೆಂದು ಅವಳು ಯೋಚಿಸಲಿಲ್ಲ, ಎಐಗಳ ಉತ್ತರದ ಹಾಳೆಗಳು ಎದುರಿಗೇ ರಾಶಿ ಬಿದ್ದಿದ್ದವು.

"ಹಾಸಿಗೇನೇ ಹಡಗು ಮಾಡಿದ್ರೆ ಹೇಗೆ ಭಾವ?" ಎಂದಳು.

ಭಾವ ಕಣ್ಣು ಮುಚ್ಚಿದ. ಒಳ್ಳೆಯ ವಿಚಾರ ಕಿವಿಗೆ ಬಿದ್ದಾಗ ಅವನು ಹಾಗೆ ಮಾಡುತ್ತಿದ್ದ. ಕಣ್ಣು ತೆರೆಯುವಷ್ಟರಲ್ಲಿ ಅದು ತನ್ನದೇ ಎಂದು ಅವನಿಗೇ ನಂಬಿಕೆ ಬಂದಿರುತ್ತಿತ್ತು. "ಹೊದಿಕೆ ಸಮುದ್ರ," ಎಂದ ಮೆಲ್ಲಗೆ.

"ಹ್ಞೂಂ. ದಿಂಬು ಹಾಯಿ. ಪಕ್ಕದ ದೀಪ ಇದೆಯಲ್ಲ, ಅದು ದೀಪಸ್ತಂಭ."

"ಆಹಾ!" ಜೇಬಿನಿಂದ ಪೆನ್ನು ತೆಗೆದ. ಬರೆಯುತ್ತ ಬರೆಯುತ್ತ ಕೇಳಿದ, "ಈ ಯಂತ್ರಗಳು ಏನಾದ್ರೂ ಒಳ್ಳೇದು ಹೇಳಿದ್ವಾ?"

"ನಾಲ್ಕೂ ಒಂದೇ ಥರ ಹೇಳಿವೆ ಭಾವ. ಬೇಕಿದ್ರೆ ಓದಿ ನೋಡಿ." ಹಾಳೆಗಳ ರಾಶಿಯನ್ನು ಅವನ ಕಡೆಗೇ ಸರಿಸಿದಳು.

"ಅದನ್ನೆಲ್ಲ ಓದ್ತಾ ಕೂರೋಕೆ ನನಗೆಲ್ಲಿ ಪುರುಸೊತ್ತು?" ಎಂದು ರಾಶಿಯನ್ನು ಅತ್ತ ತಳ್ಳಿ ಎದ್ದುಹೋದ. ಟೀ ಲೋಟ ತೊಳೆಯುವುದು ಪುಟ್ಟಿಯ ಪಾಲಿಗೆ ಬಂತು.

ಅಂದು ಸಂಜೆ ಅಕ್ಕನ ಫೋನು. "ಇವರು ಇವತ್ತು ಭಾರಿ ಖುಷಿಯಾಗಿದಾರೆ ಕಣೇ, ಕನ್ನಡಿ ಮುಂದೆ ನಿಂತು ಕಪ್ತಾನನ ಹಾಗೆ ಸೆಲ್ಯೂಟ್ ಹೊಡೀತಿದಾರೆ" ಎಂದು ನಕ್ಕಳು. ಈಗಲೇ ಹೇಳಿಬಿಡಲೇ, ಆ ಹಾಳೆ ಹರಿದು ಬಿಸಾಡಿ ಎನ್ನಲೇ ಎಂದು ಪುಟ್ಟಿ ಬಾಯಿ ತೆರೆದಳು.

ಅಕ್ಕನೇ ಮುಂದುವರಿಸಿದಳು. "ನಿನ್ನ ಪ್ಯಾಕಿಂಗ್ ಕೆಲಸಕ್ಕೂ ಮಾತಾಡಿ ಆಯ್ತಂತೆ. ಎಷ್ಟು ಒಳ್ಳೆಯವರು ನೋಡು, ಯಾವ ಭಾವ ಮಾಡ್ತಾನೆ ಇಷ್ಟೆಲ್ಲ?"

ಪುಟ್ಟಿ ಬಾಯಿ ಮುಚ್ಚಿದಳು.

ತೀರ್ಪಿನ ದಿನ ಮೂರನೇ ಮಹಡಿಯ ಕೋಣೆಯಲ್ಲಿ ಎಲ್ಲರೂ ಕೂತರು. ಗೋಡೆಯುದ್ದಕ್ಕೂ ಕಂಪನಿಯ ಆಟಿಕೆಗಳ ಸಾಲು, ಕಿಟಕಿಯ ಪಕ್ಕ ಒಡತಿಯ ಕುರ್ಚಿ. ಟೀಚರ್ ಹಾಳೆಗಳನ್ನು ಜೋರಾಗಿ ಓದತೊಡಗಿದಳು. ಕೆಂಪು ಗುರುತಿನ ಹಾಳೆಯಲ್ಲಿ ಹಡಗು. ಎಲ್ಲರೂ ತಲೆದೂಗಿದರು. ಭಾವನ ಮೀಸೆ ಒಮ್ಮೆ ಅದುರಿತು. ನೀಲಿ ಗುರುತಿನಲ್ಲೂ ಹಡಗು. ಒಡತಿ ಹುಬ್ಬು ಗಂಟಿಕ್ಕಿದರು. ಹಳದಿಯಲ್ಲಿ ಹಡಗು ಬಂದಾಗ ಟೀಚರ್ ಹಾಳೆ ಕೆಳಗಿಟ್ಟು, "ನನಗೀಗ ತಲೆ ಸುತ್ತುತಾ ಇದೆ, ನೆಲದ ಮೇಲೆ ಯಾರಾದ್ರೂ ಇದಾರಾ?" ಎಂದಳು. ಕಪ್ಪು ಗುರುತಿನದೂ ಅದೇ ಹಡಗು. ಕೊನೆಗೆ ಉಳಿದದ್ದು ಹಸಿರು. ಭಾವ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಟೀಚರ್ ಓದಿದಳು: ಹಾಸಿಗೆಯೇ ಹಡಗು, ಹೊದಿಕೆಯೇ ಸಮುದ್ರ.

"ಐದೂ ಯಂತ್ರದ್ದೇ ಮೇಡಂ," ಎಂದ ಮಾರಾಟದ ಮುಖ್ಯಸ್ಥ. "ಮನುಷ್ಯರದ್ದು ಸೇರಿಸೋದು ಮರೆತಿದಾರೆ."

"ಸೇರಿಸಿದೀನಿ ಸರ್," ಎಂದಳು ಪುಟ್ಟಿ. "ಹಸಿರು ಗುರುತಿಂದು ಭಾವನವರದ್ದು."

ಒಡತಿ ಭಾವನ ಕಡೆ ತಿರುಗಿದರು. "ಯಂತ್ರದ್ದನ್ನ ನೋಡ್ಕೊಂಡು ಬರೆದ್ರಾ?"

"ಇಲ್ಲ ಮೇಡಂ! ದೇವರಾಣೆಗೂ ಇಲ್ಲ. ಅವುಗಳ ಉತ್ತರ ನಾನು ಕಣ್ಣೆತ್ತಿ ನೋಡಿಲ್ಲ." ಪಾಪ, ಆ ಮಾತು ನಿಜವೇ ಆಗಿತ್ತು.

"ಮತ್ತೆ ದೀಪಸ್ತಂಭ ಎಲ್ಲಿಂದ ಬಂತು? ದಿಂಬು, ಹಾಯಿ, ಎಲ್ಲ ಹೇಗೆ ಒಂದೇ ಥರ?"

ಭಾವ ಬಾಗಿಲು ನೋಡಿದ, ಕಿಟಕಿ ನೋಡಿದ, ಕೊನೆಗೆ ಪುಟ್ಟಿಯನ್ನು ನೋಡಿದ. "ಅದು ನಂದಲ್ಲ ಮೇಡಂ," ಎಂದ. "ಪುಟ್ಟಿದು. ಅವಳು ಹೇಳಿದ್ದನ್ನ ನಾನು ಬರ್ಕೊಂಡೆ, ಅಷ್ಟೆ."

'ನಂದಲ್ಲ, ಪುಟ್ಟಿದು.' ಇದೊಂದು ಮಾತಿಗಾಗಿ ಎಂಟು ವರ್ಷ ಅವಳು ಕಿವಿ ತೆರೆದುಕೊಂಡು ಕಾದಿದ್ದಳು. ಈಗ ಬಂತು, ಬರಬಾರದ ಹಾಳೆಯ ಮೇಲೆ ಬಂತು. ಹೊಗಳಿಕೆ ಬಂದಾಗ ಭಾವನದಾಗಿದ್ದದ್ದು ಏಟು ಬೀಳುವಾಗ ಅವಳದಾಯಿತು. ಇಷ್ಟು ಹೊತ್ತು ಅಕ್ಕನಿಗಾಗಿ ಅಳುಕುತ್ತಿದ್ದ ಅವಳ ಮನಸ್ಸು ಕಲ್ಲಾಯಿತು.

"ನಂದೂ ಅಲ್ಲ ಮೇಡಂ," ಎಂದು ಎದ್ದು ನಿಂತಳು. "ಯಂತ್ರದ್ದು. ನಾಲ್ಕೂ ಹೇಳಿದ್ದನ್ನ ತಂದು ಭಾವನವರ ಮುಂದೆ ಇಟ್ಟೆ, ಓದಿ ನೋಡಿ ಅಂತ್ಲೂ ಹೇಳ್ದೆ. ಯಾರದು ಅಂತ ಅವರು ಕೇಳ್ಲಿಲ್ಲ. ಕೇಳೋ ಅಭ್ಯಾಸ ಅವರಿಗಿಲ್ಲ. ಸೋತವರ ಆಟ ನನ್ನಿಂದ ತಗೊಂಡಾಗ್ಲೂ ಕೇಳಿರ್ಲಿಲ್ಲ."

ಒಡತಿ ಭಾವನನ್ನೇ ನೋಡುತ್ತ, "ನಿಜಾನಾ?" ಎಂದರು.

"ಅದು... ಮೇಜಿನ ನಿಯಮ ಮೇಡಂ..." ಎಂದು ಭಾವ ತೊದಲಿದ.

ಒಡತಿಯ ಸಿಟ್ಟು ಪುಟ್ಟಿಯ ಕಡೆಗೂ ತಿರುಗಿತು. "ನಿಮ್ಮ ಮನೆ ಜಗಳಕ್ಕೆ ನನ್ನ ಪರೀಕ್ಷೆ ಹಾಳು ಮಾಡಿದೀಯ. ಸರಿ, ಅದೇ ಪ್ರಶ್ನೆಗೆ ನಿನ್ನ ಉತ್ತರ ಹೇಳು. ಈಗಲೇ. ಇಲ್ದಿದ್ರೆ ಇಬ್ರೂ ಹೊರಡಿ."

ಪುಟ್ಟಿಯ ಹತ್ತಿರ ಉತ್ತರ ಇರಲಿಲ್ಲ. ಸೇಡಿನ ಅಮಲಿನಲ್ಲಿ ಆ ಮಗುವನ್ನು ಅವಳು ಮರೆತೇಬಿಟ್ಟಿದ್ದಳು. ಹಾಸಿಗೆಯಲ್ಲಿ ಬಿದ್ದ ಮಗುವನ್ನು ಕಣ್ಣ ಮುಂದೆ ತಂದುಕೊಂಡಳು. ನಾಲ್ಕೂ ಎಐಗಳ ಮಗು ಒಳ್ಳೆಯ ಮಗು, ಕೊಟ್ಟ ಹಡಗಿನಲ್ಲಿ ನಗುನಗುತ್ತ ಕೂರುತ್ತದೆ. ಇವಳಿಗೆ ಕಂಡ ಮಗು ನಗುತ್ತಿರಲಿಲ್ಲ, ಬಾಗಿಲನ್ನೇ ದುರುಗುಟ್ಟಿ ನೋಡುತ್ತಿತ್ತು. ಆ ನೋಟ ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು.

"ಆ ಮಗುಗೆ ಹಡಗು ಬೇಡ ಮೇಡಂ," ಎಂದಳು. "ಅದಕ್ಕೆ ಸಿಟ್ಟು ಬಂದಿದೆ. ಬರೋರೆಲ್ಲ ಎರಡು ಕಾಲಲ್ಲಿ ಬರ್ತಾರೆ, ಅಯ್ಯೋ ಪಾಪ ಅಂತಾರೆ, ಎರಡು ಕಾಲಲ್ಲಿ ಹೊರಟುಹೋಗ್ತಾರೆ. ಅದರ ಕೈಗೆ ಒಂದು ಪೀಪಿ ಕೊಡಿ, ಬಾಗಿಲಿಗೆ ಒಂದು ಬೋರ್ಡು ಹಾಕಿ. ಈ ಕೋಣೆಗೆ ಬರೋರು, ಹೋಗೋರು ಒಂಟಿಕಾಲಲ್ಲೇ ಕುಪ್ಪಳಿಸಬೇಕು. ಅಪ್ಪ ಆಗ್ಲಿ, ಡಾಕ್ಟರೇ ಆಗ್ಲಿ. ಎತ್ತಿದ ಕಾಲು ಕೆಳಗಿಟ್ರೆ ಮಗು ಪೀಪಿ ಊದತ್ತೆ, ಮತ್ತೆ ಮೊದಲಿಂದ ಶುರು."

ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಹೆಡ್‌ಮಾಸ್ಟರನ್ನ ಕುಣಿಸ್ಬೇಕು ಇದ್ರಲ್ಲಿ!" ಎಂದಳು. ಒಡತಿ ನಗಲಿಲ್ಲ.

"ನಾಲ್ಕರಲ್ಲಿ ಒಂದಕ್ಕಾದ್ರೂ ಯಾಕೆ ಇದು ಹೊಳೀಲಿಲ್ಲ?" ಎಂದು ಕೇಳಿದರು.

"ಅವುಗಳಿಂದ ಯಾರೂ ಏನೂ ಕಿತ್ಕೊಂಡಿಲ್ವಲ್ಲ ಮೇಡಂ."

ಒಡತಿ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ತೀರ್ಪು ಹೇಳಿದರು. ಪರೀಕ್ಷೆ ಮತ್ತೆ ಹೊಸದಾಗಿ ನಡೆಯಬೇಕು. ಮನುಷ್ಯರ ಹಾಳೆ ಪುಟ್ಟಿಯದು, ಯಾವ ಎಐ ಬಂದರೂ ಅದರ ಪಕ್ಕದ ಕುರ್ಚಿಯೂ ಅವಳದು. ಭಾವನಿಗೆ, "ಪ್ಯಾಕಿಂಗ್‌ನಲ್ಲಿ ಒಂದು ಜಾಗ ಇದೆಯಂತೆ, ನೀವೇ ವಿಚಾರಿಸಿದ್ರಲ್ಲ" ಎಂದಷ್ಟೇ ಹೇಳಿದರು. ಎದ್ದು ನಿಂತು, "ಈ ಆಟ ಹೇಗಿದೆ ಅಂತ ಈಗಲೇ ನೋಡೋಣ. ನನ್ನ ಮಂಡಿನೋವಿಗೆ ವಿನಾಯಿತಿ ಇರ್ಲಿ, ಮಿಕ್ಕವರು ಆಡ್ಕೊಂಡು ಹೋಗಿ" ಎಂದು ಪಕ್ಕದ ಕೋಣೆಗೆ ನಡೆದರು.

ಟೀಚರ್ ಚಪ್ಪಲಿ ಕೈಯಲ್ಲಿ ಹಿಡಿದು ಒಂಟಿಕಾಲಲ್ಲಿ ಕುಪ್ಪಳಿಸುತ್ತ ಹೊರಟಳು. ಮಾರಾಟದ ಮುಖ್ಯಸ್ಥ ಗೋಡೆ ಹಿಡಿದು, ಉಸ್ಸೆನ್ನುತ್ತ, ನಗುತ್ತ ಬಾಗಿಲು ದಾಟಿದ. ಕಾರಿಡಾರಿನಲ್ಲಿ ನಿಂತು ಇಬ್ಬರೂ ತಿರುಗಿ ನೋಡಿದರು. ಒಳಗೆ ಉಳಿದವರು ಭಾವ ಮತ್ತು ಪುಟ್ಟಿ.

ಮೇಜಿನ ಮೇಲೆ ಅವಳ ಫೋನು ಗುಂಯ್‌ಗುಟ್ಟಿತು. ಅಕ್ಕ. ಪುಟ್ಟಿ ಅದನ್ನು ಬೋರಲು ಹಾಕಿದಳು.

"ಪುಟ್ಟೀ," ಎಂದ ಭಾವ, ಅವಳಿಗಷ್ಟೇ ಕೇಳುವಂತೆ. "ನಿಮ್ಮಕ್ಕನಿಗೆ ಏನಂತ ಹೇಳ್ಲಿ ನಾನು?"

ಅವಳಿಗೆ ಅಕ್ಕನ ಮುಖ ನೆನಪಾಯಿತು. ಅವನು ಸುಮ್ಮನೆ ನಡೆದುಹೋದರೂ ಯಾರೂ ತಡೆಯುವವರಿಲ್ಲ. ಅವಳು ಹಾಗೆಂದುಕೊಳ್ಳುವಷ್ಟರಲ್ಲೇ ಅವನು ಕತ್ತು ಬಗ್ಗಿಸಿಕೊಂಡು, ಎರಡೂ ಕಾಲಲ್ಲಿ, ಬಾಗಿಲ ಕಡೆ ಹೆಜ್ಜೆ ಹಾಕಿದ. ಪುಟ್ಟಿ ಗೋಡೆಯ ಆಟಿಕೆಗಳ ಸಾಲಿನಿಂದ ಒಂದು ಪೀಪಿ ತೆಗೆದು ಊದಿದಳು.

ಭಾವ ಬೆಚ್ಚಿ ನಿಂತ.

"ಕಾಲು ಎತ್ತಿ, ಭಾವ," ಎಂದಳು.

ಅವನು ಗೋಡೆಗೆ ಕೈ ಕೊಟ್ಟು, ಒಂದು ಕಾಲು ಎತ್ತಿದ.