ಹಸಿ ಮರಳಿನ ಬಕೆಟ್ಟು

ಮೂರು ದಿನದಿಂದ ಗೋಸುಂಬೆ ಊಟ ಬಿಟ್ಟಿತ್ತು. ಮಗಳು ಅದಕ್ಕೆ ನಿಧಾನಮ್ಮ ಎಂದು ಹೆಸರಿಟ್ಟಿದ್ದಳು. ಈಗ ನೋಡಿದರೆ ಅದಕ್ಕೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಜಾಲರಿ ಗೂಡಿನಲ್ಲಿ ಹತ್ತುವುದು, ಇಳಿಯುವುದು, ತಳ ಕೆರೆಯುವುದು, ಮತ್ತೆ ಹತ್ತುವುದು.

ತಾಯಿ ಮನೆಯಲ್ಲೇ ಹೊಲಿಗೆ ಮಾಡುವವಳು. ಆ ವಾರ ಒಂದು ಶಾಲೆಯ ಅರವತ್ತು ಅಂಗಿ ಮುಗಿಸಬೇಕಿತ್ತು. ಸೊಂಟ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು. ಗೂಡು ಮಷೀನಿನ ಪಕ್ಕದಲ್ಲೇ ಇದ್ದದ್ದರಿಂದ ಆ ಕೆರೆತ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೋದ ವರ್ಷ ಸಾಕಿದ್ದ ಗೋಸುಂಬೆಯೂ ಹೀಗೆಯೇ ಕೆರೆದು ಕೆರೆದು, ಒಂದು ದಿನ ತಳದಲ್ಲಿ ಕಣ್ಣು ಮುಚ್ಚಿ ಮಲಗಿದ್ದು ಮತ್ತೆ ಏಳಲಿಲ್ಲ. ಮಗಳು ಎಷ್ಟೋ ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಗಂಡ ಬಸ್ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚುತ್ತಾ ಗೂಡಿನ ಕಡೆ ನೋಡಿದ.

"ತಿಂದದ್ದು ಜಾಸ್ತಿಯಾಗಿರಬೇಕು. ಎರಡು ದಿನ ಹುಳ ಹಾಕಬೇಡ, ಸರಿಹೋಗುತ್ತೆ."

"ಹಾಕಿದ್ದನ್ನೇ ಮೂಸಿಲ್ಲ ಅದು."

"ಹಾಗಾದ್ರೆ ನಂಗೊತ್ತಿಲ್ಲ ಕಣೇ. ನನ್ನ ಕಾಲೇ ನನ್ನ ಮಾತು ಕೇಳ್ತಿಲ್ಲ."

ಅಷ್ಟರಲ್ಲಿ ಮೇಲಿನ ಮನೆಯ ನರ್ಸ್ ಬಂದಳು. ಸಾಕುಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ. ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವಳು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಇದಕ್ಕೆ ವಯಸ್ಸೆಷ್ಟು ಅಕ್ಕ?"

"ಎಂಟು ತಿಂಗಳು ದಾಟ್ತು."

"ಪಕ್ಕೆ ನೋಡಿ, ಕಡಲೆಕಾಳು ತುಂಬಿದ ಚೀಲದ ಹಾಗಿದೆ. ಮೈಬಣ್ಣಾನೂ ಬದಲಾಗಿದೆ. ಮೊಟ್ಟೆ ಅಕ್ಕ. ಇಡೋಕೆ ಜಾಗ ಹುಡುಕ್ತಿದೆ."

ಗಂಡ ನಕ್ಕ. "ಇದು ಗಂಡಿನ ಮುಖಾನೇ ಕಂಡಿಲ್ಲ. ಮೊಟ್ಟೆ ಎಲ್ಲಿಂದ ಬರುತ್ತಮ್ಮ?"

"ಹುಂಜ ಇಲ್ಲದಿದ್ರೂ ಕೋಳಿ ಮೊಟ್ಟೆ ಇಡಲ್ವಾ ಭಾವ? ಮರಿ ಆಗಲ್ಲ, ಅಷ್ಟೆ. ಆದ್ರೆ ಮೊಟ್ಟೆ ಹೊರಗೆ ಬರಲೇಬೇಕು. ಅಗೆಯೋಕೆ ಮಣ್ಣು ಸಿಗದಿದ್ರೆ ಒಳಗೇ ತಡ್ಕೊಳ್ಳುತ್ತೆ. ತಡ್ಕೊಂಡ್ರೆ ಜೀವಕ್ಕೇ ಕುತ್ತು ಬರುತ್ತೆ."

ಮಷೀನು ನಿಂತಿತು. "ಹೋದ ವರ್ಷದ್ದೂ ಹೀಗೇ ಕೆರೀತಿತ್ತು," ಎಂದಳು ತಾಯಿ.

ನರ್ಸ್ ಅವಳ ಕಡೆ ತಿರುಗಿದಳು. "ಆಗ ಗೊತ್ತಿರಲಿಲ್ಲ ಬಿಡಿ ಅಕ್ಕ. ಇದಕ್ಕಾದ್ರೂ ಬೇಗ ಒಂದು ಬಕೆಟ್ ಹಸಿ ಮರಳು ಇಡೋಣ."

ಗಂಡ ನಿಟ್ಟುಸಿರು ಬಿಟ್ಟು ಎದ್ದ. ಬಕೆಟ್ಟು ತೊಳೆದ. ಮರಳು ತಂದು ನಾಲ್ಕು ನೀರಿನಲ್ಲಿ ಜಾಲಿಸಿದ. ನರ್ಸ್ ಹೇಳುತ್ತಾ ಹೋದಳು. "ಒಂದು ಅಡಿ ಆಳಕ್ಕಿಂತ ಕಡಿಮೆ ಬೇಡ ಭಾವ. ಹಿಡಿಯಲ್ಲಿ ಒತ್ತಿದ್ರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಬೆರಳು ತೂರಿಸಿ ತೆಗೀರಿ, ತೂತು ಕುಸಿದ್ರೆ ಇನ್ನೂ ಒಂಚೂರು ನೀರು ಹಾಕಿ." ಮರಳು ತುಂಬಿದ ಬಕೆಟ್ಟನ್ನು ಗೂಡಿನೊಳಗಿಟ್ಟು, ಗೋಸುಂಬೆ ಅದಕ್ಕೆ ಇಳಿಯಲು ಒಂದು ಕೊಂಬೆ ಒರಗಿಸಿದಳು. ಗೂಡಿಗೆ ಹಳೆಯ ಬೆಡ್‌ಶೀಟ್ ಹೊದಿಸಿದಳು.

"ಅಗೆಯುವಾಗ ಅದಕ್ಕೆ ಯಾರೂ ಕಾಣಬಾರದು. ಕಂಡ್ರೆ ಅರ್ಧಕ್ಕೇ ಬಿಟ್ಟುಬಿಡುತ್ತೆ."

ಮರುದಿನ ಮಧ್ಯಾಹ್ನ ಬೆಡ್‌ಶೀಟಿನ ಹಿಂದೆ ಮರಳು ಉದುರುವ ಸದ್ದು ಕೇಳಿತು. ಗಂಡನಿಗೆ ತಡೆಯಲಾಗಲಿಲ್ಲ. ಅಂಚು ಸರಿಸಿ ಇಣುಕಿದ. ಗುಂಡಿಯಿಂದ ತಲೆ ಎತ್ತಿದ ಗೋಸುಂಬೆ ಒಂದು ಕಣ್ಣು ಅವನ ಕಡೆ ತಿರುಗಿಸಿತು. ಬಳಿಕ ಮೆಲ್ಲಗೆ ಹೊರಬಂದು, ಗುಂಡಿ ಬಿಟ್ಟು ಕೊಂಬೆ ಹತ್ತಿ ಕೂತಿತು. ಸಂಜೆವರೆಗೂ ಇಳಿಯಲಿಲ್ಲ.

"ಹೇಳಿರಲಿಲ್ವಾ ಅವಳು?" ಎಂದಳು ಹೆಂಡತಿ. ಬೈಯಲು ಕೂಡ ಅವಳಲ್ಲಿ ತ್ರಾಣವಿರಲಿಲ್ಲ.

ಅವನು ಇನ್ನೊಂದು ದಪ್ಪ ಬಟ್ಟೆ ತಂದು ಗೂಡಿನ ಸುತ್ತ ಕಟ್ಟಿ, ಕುರ್ಚಿಯನ್ನು ಬಾಗಿಲ ಆಚೆ ಹಾಕಿಕೊಂಡು ಕೂತ. ನರ್ಸ್ ಕೆಲಸದಿಂದ ಬಂದವಳು ವಿಷಯ ಕೇಳಿ ಕಟ್ಟುನಿಟ್ಟಾಗಿ ಹೇಳಿದಳು. "ಇನ್ನು ಕಾಯೋಣ. ಆದ್ರೆ ಹಗಲಲ್ಲಿ ಕಣ್ಣು ಮುಚ್ಚಿದ್ರೆ, ಕೊಂಬೆ ಹಿಡಿಯೋಕಾಗದೆ ತಳದಲ್ಲಿ ಬಿದ್ರೆ, ಆಮೇಲೆ ನೋಡೋಣ ಅನ್ನಬೇಡಿ. ಆ ಕ್ಷಣಾನೇ ಡಾಕ್ಟರ ಹತ್ರ ಕರ್ಕೊಂಡು ಬನ್ನಿ."

ಎರಡು ದಿನ ಮನೆಯವರೆಲ್ಲ ಪಿಸುಮಾತಿನಲ್ಲೇ ಕಳೆದರು. ತಾಯಿ ಮಷೀನನ್ನು ಅಡುಗೆಮನೆಗೆ ಎಳೆದುಕೊಂಡು ಹೊಲಿದಳು. ಗೂಡಿಗೆ ನೀರು ಚಿಮುಕಿಸುವ ಹೊತ್ತಿಗೆ ಮಾತ್ರ ಒಬ್ಬರು ಹೋಗಿ, ತಲೆ ತಗ್ಗಿಸಿಕೊಂಡೇ ಬರುತ್ತಿದ್ದರು.

ಮೂರನೆಯ ದಿನ ಶಾಲೆಯಿಂದ ಬಂದ ಮಗಳು ಕರೆದಳು. "ಅಪ್ಪ, ಮೇಲೆ ಕೂತಿದೆ. ಮೈತುಂಬಾ ಮರಳು."

ನಿಧಾನಮ್ಮನ ಹೊಟ್ಟೆ ಒಳಗೆ ಹೋಗಿತ್ತು. ಗುಂಡಿಯನ್ನು ಅದೇ ಮುಚ್ಚಿ, ಮರಳು ತಟ್ಟಿ ಸಮ ಮಾಡಿತ್ತು. ನರ್ಸ್ ಚಮಚದಿಂದ ಮೆಲ್ಲಗೆ ಅಗೆದಾಗ ಬಿಳಿಯ ಮೊಟ್ಟೆಗಳು ಸಿಕ್ಕವು, ಮೂವತ್ತೊಂದು. ಗೋಸುಂಬೆ ತುಂಬಾ ಹೊತ್ತು ನೀರು ಕುಡಿಯಿತು. ಆಮೇಲೆ ಮಗಳು ಕ್ಯಾಲ್ಸಿಯಂ ಪುಡಿ ಸವರಿದ ಹುಳ ಹಿಡಿದಾಗ ನಾಲಿಗೆ ಚಾಚಿ ಎಳೆದುಕೊಂಡಿತು.

"ಬಕೆಟ್ ತೆಗೆದಿಡ್ಲಾ?" ಎಂದ ಗಂಡ.

"ಬೇಡ ಭಾವ. ಕೆಲವು ತಿಂಗಳಿಗೆ ಮತ್ತೆ ಮೊಟ್ಟೆ ಇಡಬಹುದು. ಮರಳು ಬದಲಾಯಿಸಿ ಅಲ್ಲೇ ಇಡಿ. ಹುಳ ಮಾತ್ರ ಮಿತವಾಗಿ ಹಾಕಿ, ಜಾಸ್ತಿ ತಿಂದಷ್ಟೂ ಮೊಟ್ಟೆ ಜಾಸ್ತಿ."

ಅವನು ತಲೆಯಾಡಿಸಿ, ಬಾಗಿಲ ಆಚೆಯ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದ.

ನಿಮ್ಮ ಮನೆಯಲ್ಲೂ ಹೆಣ್ಣು ಗೋಸುಂಬೆ ಇದೆಯೇ? ಜೊತೆಗೆ ಗಂಡಿಲ್ಲ, ಮೊಟ್ಟೆಯ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಅದಕ್ಕೆ ಐದಾರು ತಿಂಗಳಾಗುವ ಹೊತ್ತಿಗೇ ಹಸಿ ಮರಳಿನ ಬಕೆಟ್ಟು ಗೂಡಿನಲ್ಲಿರಲಿ. ಪ್ರಾಣಿವೈದ್ಯರ ಫೋನ್ ನಂಬರ್ ಗೋಡೆಯ ಮೇಲಿರಲಿ. ನೀವೂ ದಣಿದಿರುತ್ತೀರಿ, ಗೊತ್ತು. ಆದರೂ ಅದು ತಳ ಕೆರೆಯುವ ಸದ್ದು ಕೇಳಿದರೆ ಒಮ್ಮೆ ಎದ್ದು ನೋಡಿ.