ಬೇಗ ಮುಗಿಸು

ಮುಂಗಾರಿನ ಮೊದಲ ಮೋಡಗಳು ಕಟ್ಟಿದ್ದ ದಿನಗಳು. ಬೆಳಗ್ಗೆ, ಹಾಲಿನವಳು ಬರುವುದಕ್ಕೂ ಮೊದಲು, ಹೊಸಿಲ ಮುಂದೆ ಮಂದಾಕಿನಿ ಆರು ಚುಕ್ಕಿ ಇಟ್ಟು ನನ್ನನ್ನು ಕರೆದಳು.

"ನೋಡತ್ತೆ, ಡಿಗ್ರಿಗೆ ಆರು ಪರೀಕ್ಷೆ, ಮೂರು ವರ್ಷ. ರಜೆಯಲ್ಲೂ ಕೂತು ಬರೆದ್ರೆ ಎರಡೇ ವರ್ಷ. ಪ್ರಿನ್ಸಿಪಾಲ್ ಮೇಡಂ ಒಪ್ಪಿದಾರೆ." ಕೈ ಎತ್ತದೆ, ಒಂದೇ ಎಳೆಯಲ್ಲಿ ಆರನ್ನೂ ಸುತ್ತಿ ತೋರಿಸಿದಳು.

ಅವಳು ನನ್ನ ತಮ್ಮ ಪುಟ್ಟಸ್ವಾಮಿಯ ಮಗಳು. ತಾಯಿ ತೀರಿಕೊಂಡ ಮೇಲೆ ಬೆಳೆಸಿದವಳು ನಾನು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಡಿಗ್ರಿಯ ಲೆಕ್ಕ ತಿಳಿಯದು, ರಂಗೋಲಿ ತಿಳಿಯಿತು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಗ್ರೇಸಮ್ಮನವರು ಇನ್ನೆರಡು ವರ್ಷದಲ್ಲಿ ನಿವೃತ್ತರಾಗಲಿದ್ದರು. ಆ ಕೆಲಸ ಸಿಗಬೇಕಾದರೆ ಅಷ್ಟರಲ್ಲಿ ಡಿಗ್ರಿ ಕೈಯಲ್ಲಿರಬೇಕು. ಕೆಲಸವನ್ನು ಅವರೇ ಕಲಿಸುತ್ತಿದ್ದರು. ಮಂದಾ ಮನೆಗೆ ಬಂದರೆ ನನ್ನ ತೋಳು ಹಿಡಿದು ನರ ಹುಡುಕುವಳು. "ನಿನ್ನ ನರವೂ ನಿನ್ನ ಹಾಗೇ ಅತ್ತೆ, ಎಲ್ಲಿದೀನಿ ಅಂತ ಬಾಯೇ ಬಿಡಲ್ಲ" ಎಂದು ನಗುವಳು.

ವಿಷಯ ಕೇಳಿ ತಮ್ಮ ಹೊಸಿಲಿಗೆ ಬಂದ. "ಏನು, ಓದು ಬೇಗ ಮುಗಿಸ್ತೀಯಾ?"

"ಹೂಂ ಅಪ್ಪ."

"ಮುಗಿಸು, ಮುಗಿಸು. ಬೇಗ ಮುಗಿದ್ರೆ ನನಗೂ ಒಳ್ಳೇದು."

ಕಾಲೇಜೆಂದರೆ ಮುಖ ಗಂಟಿಕ್ಕುವ ಮನುಷ್ಯ ಅಂದು ನಕ್ಕ. ನಾವಿಬ್ಬರೂ ಅದನ್ನು ಆಶೀರ್ವಾದ ಎಂದುಕೊಂಡೆವು.

ವರ್ಷವಿಡೀ ಮಂದಾ ಪುಸ್ತಕ ಕೆಳಗಿಡಲಿಲ್ಲ. ದಿನವೂ ಹೊಸಿಲಲ್ಲಿ ಅದೇ ಆರು ಚುಕ್ಕಿ. ದಾಟಿದ ಪರೀಕ್ಷೆಯ ಚುಕ್ಕಿಗೆ ಮಾತ್ರ ಕುಂಕುಮ ಹಾಕುವಳು. ಮೂರು ಕೆಂಪಾಗಿದ್ದವು. ಮತ್ತೆ ಮೋಡ ಕಟ್ಟಿದಾಗ, ಒಂದು ಗುರುವಾರ, ಗಂಡಿನ ಕಡೆಯವರು ಹೂವು ಹಣ್ಣು ಹಿಡಿದು ಆ ಚುಕ್ಕಿಗಳನ್ನೇ ತುಳಿದು ಒಳಗೆ ಬಂದರು.

"ಹುಡುಗಿ ಓದು ಮುಗೀತಂತಲ್ಲ, ಅದಕ್ಕೇ ಬಂದ್ವಿ" ಎಂದಳು ಗಂಡಿನ ತಾಯಿ.

"ಮುಗಿದಿಲ್ಲ. ಅರ್ಧ ಆಗಿದೆ" ಎಂದಳು ಮಂದಾ.

ತಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತ, ಕಣ್ಣೆತ್ತದೆ ಹೇಳಿದ: "ಮೊನ್ನೆ ಕಾಲೇಜಿಗೆ ಹೋಗಿ ಹೆಸರು ತೆಗೆಸಿ ಬಂದೆ. ಬೇಗ ಮುಗಿಸ್ತೀನಿ ಅಂದವಳು ನೀನೇ ಅಲ್ವೇನಮ್ಮ? ಮುಗಿಸಿದೀನಿ."

ಅವಳಿಗೆ ಮುಗಿಸುವುದೆಂದರೆ ಪೂರ್ತಿ ಮಾಡುವುದು, ಅವನಿಗೆ ನಿಲ್ಲಿಸುವುದು. ತನ್ನ ಅರ್ಥವನ್ನು ದವಡೆಯಲ್ಲಿ ಅಡಗಿಸಿಟ್ಟುಕೊಂಡು, ಮಗಳು ಕಣ್ಣು ಕೆಂಪಾಗಿಸಿಕೊಂಡು ಓದುವುದನ್ನು ಒಂದು ವರ್ಷ ನೋಡುತ್ತ ಕೂತಿದ್ದ.

ಆ ಮನೆಯಲ್ಲಿ ನಾನು ದನಿ ಎತ್ತಿದವಳಲ್ಲ. ಅಂದು ಎತ್ತಿದೆ. "ಕೋಳಿ ಮುಗಿಸಿದ ಹಾಗೆ ಮುಗಿಸಿದೆಯಲ್ಲೋ ಪುಟ್ಟಾ! ಹೆತ್ತ ಮಗಳ ಮಾತನ್ನೇ ಕತ್ತಿ ಮಾಡ್ಕೊಂಡೆಯಲ್ಲೋ!"

ಬಂದವರು ಹಣ್ಣಿನ ತಟ್ಟೆ ಎತ್ತಿಕೊಂಡು ಎದ್ದರು.

ಮಂದಾ ಕಾಲೇಜಿಗೆ ಓಡಿದಳು. ಮನೆಯ ಹಿರಿಯರೊಬ್ಬರು ಶನಿವಾರ ಬೆಳಗ್ಗೆ ಬಂದು ಹೊಣೆ ಹೊತ್ತರೆ ಹೆಸರು ಮತ್ತೆ ಸೇರಿಸುವೆನೆಂದರು ಪ್ರಿನ್ಸಿಪಾಲರು. ಇರಲು ಜಾಗ ಕೊಡುವೆನೆಂದರು ಗ್ರೇಸಮ್ಮ.

ಮಾರನೆಯ ಸಂಜೆ ಟ್ರಂಕು ತುಂಬಿತು. ತಮ್ಮ ಬಾಗಿಲಿಗೆ ಅಡ್ಡ ನಿಂತ.

"ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಮಗಳು ಹೊರಗೆ ಹೋದ್ರೆ ಲಕ್ಷ್ಮಿ ಹೋದ ಹಾಗೆ. ಗೊತ್ತಿಲ್ವಾ ಅಕ್ಕ?"

"ದೀಪ ಹಚ್ಚಿದ್ರೆ ತಾನೇ?" ಎಂದೆ.

ಅವನು ತಿರುಗಿ ದೇವರ ಕೋಣೆಯ ಕತ್ತಲನ್ನು ನೋಡಿದ. ಟ್ರಂಕಿನ ಒಂದು ಹಿಡಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನಾನು. ಆ ಶುಕ್ರವಾರ ಮಂದಾಕಿನಿ ಹೊರಟಳು, ನಾನೂ ಹೊರಟೆ.